ಕಪ್ಪೆಯ ಇನ್ನೊಂದು ಅರ್ಧ

ಆ ಫೋಟೋದಲ್ಲಿ ಇಬ್ಬರು ಹೆಂಗಸರಿದ್ದಾರೆ. ಇಬ್ಬರ ತಲೆಯ ಮೇಲೂ ಸಿಂಬಿ, ಸಿಂಬಿಯ ಮೇಲೆ ಕಲ್ಲು. ಎಡಗಡೆಯವಳು ಮರಗಮ್ಮ. ಬಲಗಡೆಯವಳು ಅವಳ ಮಗಳು ಅನಸೂಯಾ. ಫೋಟೋ ತೆಗೆದಾಗ ಅನಸೂಯಾ ಮುಂಬಯಿ ಪಕ್ಕದ ಠಾಣೆಯ ಒಂದು ಕಾಲೇಜಿನಲ್ಲಿ ಭೂವಿಜ್ಞಾನದ ಎಂ.ಎಸ್ಸಿ. ಓದುತ್ತಿದ್ದಳು. ಇಡೀ ತರಗತಿಗೆ ಒಬ್ಬಳೇ ಹುಡುಗಿ. ತಲೆಯ ಮೇಲಿದ್ದ ಆ ಕಲ್ಲಿನ ಪದರವನ್ನು ಗುಡ್ಡದಲ್ಲಿ ಗುರುತಿಸಿದವಳೂ ಅವಳೇ. ಆದರೆ ಫೋಟೋದ ಕೆಳಗೆ ಆಗಿನಿಂದ ಈಗಿನವರೆಗೆ, ಪುಸ್ತಕದಲ್ಲಿ, ಕಾಲೇಜಿನ ಗೋಡೆಯ ಮೇಲೆ, ಈಚೆಗೆ ವೆಬ್‌ಸೈಟಿನಲ್ಲೂ, ಇರುವುದು ಒಂದೇ ಸಾಲು: ‘ಪಳೆಯುಳಿಕೆ ಹೊತ್ತ ಸ್ಥಳೀಯ ಕೂಲಿ ಹೆಂಗಸರು.’

ಈ ಸಾಲನ್ನು ತಿದ್ದಿಸಲು ಅವಳು ಮಾಡದ ಕಸರತ್ತಿಲ್ಲ. ವಿಭಾಗದ ಮುಖ್ಯಸ್ಥರು ಬದಲಾದಾಗಲೆಲ್ಲ ಹೋಗಿ ಬಾಗಿಲಲ್ಲಿ ನಿಂತಳು. ಒಬ್ಬರು ‘ನೋಡೋಣ’ ಎಂದರು. ಇನ್ನೊಬ್ಬರು ‘ಹಳೇ ಕಥೆ, ಈಗ ಯಾಕೆ ಕೆದಕೋದು’ ಎಂದರು. ಮತ್ತೊಬ್ಬರು ಫೋಟೋವನ್ನೂ ಅವಳನ್ನೂ ತಿರುಗಿ ತಿರುಗಿ ನೋಡಿ, ‘ಇದು ನೀವೇ ಅನ್ನೋದಕ್ಕೆ ಏನು ಪುರಾವೆ?’ ಎಂದು ಕೇಳಿದರು. ತನ್ನ ಮುಖಕ್ಕೆ ತಾನೇ ಪುರಾವೆ ತರಬೇಕಾದ ಗತಿ. ಆ ದಿನ ಅವಳು ಡೊಂಬಿವಲಿ ಗಾಡಿಯಲ್ಲಿ ಕೂತು ಸಿಟ್ಟಿಗೆ ಅತ್ತಳು. ಎದುರಿಗೆ ಬುಟ್ಟಿ ಇಟ್ಟುಕೊಂಡು ಕೂತಿದ್ದ ಮೀನಿನ ಹೆಂಗಸು ಏನೂ ಕೇಳದೆ ನೀರಿನ ಬಾಟಲಿ ಚಾಚಿದಳು.

ಈಗ ಅವಳಿಗೆ ವಯಸ್ಸಾಗಿದೆ. ನೌಕರಿ ಮುಗಿದು ಎಷ್ಟೋ ಕಾಲವಾಯಿತು. ಡೊಂಬಿವಲಿಯ ಎಂಐಡಿಸಿ ಕಾರ್ಖಾನೆಗಳ ಮಗ್ಗುಲಲ್ಲಿ ಒಂದು ಕೋಣೆ, ಅಡುಗೆಮನೆ. ಕಿಟಕಿ ತೆರೆದರೆ ಕೆಮಿಕಲ್ ವಾಸನೆ, ಮುಚ್ಚಿದರೆ ಸೆಕೆ. ಮದುವೆಯಾಗಲಿಲ್ಲ. ತಮ್ಮ ಸಂಗಮೇಶನ ಮಗಳು ಭಾಗ್ಯಾ ಜೊತೆಗಿದ್ದಾಳೆ. ಭಾಗ್ಯಾ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಮಾಡುತ್ತಾಳೆ. ಹುಟ್ಟಿದ್ದೇ ಇಲ್ಲಿ, ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ.

ಒಂದು ಭಾನುವಾರ ಬೆಳಗ್ಗೆ ಆ ಕೋಣೆಯ ಬಾಗಿಲಿಗೆ ಹಣ್ಣಿನ ಬುಟ್ಟಿ ಬಂತು. ಬುಟ್ಟಿಯ ಹಿಂದೆ ಸಮಿತ್. ಅದೇ ವಿಭಾಗದ ಈಗಿನ ಮುಖ್ಯಸ್ಥ. ಅಜ್ಜ ಉಡುಪಿಯಿಂದ ಬಂದು ಠಾಣೆಯಲ್ಲಿ ಹೋಟೆಲು ಹಾಕಿದವರು. ಮೊಮ್ಮಗನ ನಾಲಿಗೆಯಲ್ಲಿ ಕರಾವಳಿಯ ಕನ್ನಡ ಇನ್ನೂ ಅಷ್ಟಿಷ್ಟು ಉಳಿದಿತ್ತು. ಇಷ್ಟು ವರ್ಷ ಯಾವ ಮುಖ್ಯಸ್ಥನೂ ಹತ್ತದ ಮೆಟ್ಟಿಲನ್ನು ಇವನು ಏದುಸಿರು ಬಿಡುತ್ತ ಹತ್ತಿದ್ದ ಎಂದ ಮೇಲೆ ಏನೋ ಬೇಕಾಗಿದೆ ಎಂದು ಅನಸೂಯಾಗೆ ಅಲ್ಲೇ ತಿಳಿಯಿತು.

“ಮೇಡಂ, ನಾನು ಸೀದಾ ಪಾಯಿಂಟಿಗೆ ಬರ್ತೇನೆ,” ಎಂದ ಅವನು. “ನಿಮ್ಮ ಹತ್ರ ಆ ಕಪ್ಪೆಯ ಇನ್ನೊಂದು ಅರ್ಧ ಉಂಟಲ್ಲ, ಅದು ನಮಗೆ ಬೇಕಿತ್ತು.”

ಪಳೆಯುಳಿಕೆ ಇರುವ ಕಲ್ಲು ಪದರ ಬಿಟ್ಟಾಗ ಎರಡು ಹೋಳಾಗುತ್ತದೆ, ಪುಸ್ತಕ ತೆರೆದ ಹಾಗೆ. ಕೆಲವು ಎಲುಬು ಈ ಹೋಳಿಗೆ ಅಂಟಿಕೊಳ್ಳುತ್ತವೆ, ಕೆಲವು ಆ ಹೋಳಿಗೆ. ಕಾಲೇಜಿನಲ್ಲಿ ಇದ್ದದ್ದು ಒಂದು ಹೋಳು. ಇನ್ನೊಂದು ಅನಸೂಯಾಳ ಮಂಚದ ಕೆಳಗೆ, ಟ್ರಂಕಿನಲ್ಲಿ, ಅವ್ವನ ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಕೂತಿತ್ತು. ಅದು ಕೆಟ್ಟ ಅರ್ಧ ಎಂದು ಕಾಲೇಜಿನವರೇ ಬಿಟ್ಟುಹೋಗಿದ್ದರು. ಈಗ ಜರ್ಮನಿಯ ಯಾವುದೋ ಪ್ರಯೋಗಾಲಯದವರು ಕಾಲೇಜಿನ ಹೋಳನ್ನು ಸ್ಕ್ಯಾನ್ ಮಾಡಿ ನೋಡಿದರೆ, ಅದರಲ್ಲಿ ಇರುವುದು ಬೆನ್ನು ಮತ್ತು ಹಿಂಗಾಲು ಮಾತ್ರ. ತಲೆಬುರುಡೆ ಪೂರ್ತಿ ಇನ್ನೊಂದು ಹೋಳಿನಲ್ಲಿ. ತಲೆ ಇಲ್ಲದ ಕಪ್ಪೆ ಯಾವ ಕುಲದ್ದು ಎಂದು ಹೇಳಲು ಬರುವುದಿಲ್ಲ.

“ಅಬ್ ಯಾದ್ ಆಯೀ ಅತ್ತಿ ಕೀ,” ಎಂದಳು ಭಾಗ್ಯಾ, ಚಹಾ ಇಡುತ್ತ. ಈಗ ನೆನಪಾಯಿತೇ ಅತ್ತೆಯದು ಎಂದು ಅವಳ ಮಾತು. ಸಮಿತ್ ಕೇಳಿಸದವನಂತೆ ಕಪ್ಪು ಎತ್ತಿಕೊಂಡ.

“ಕೊಡ್ತೀನಿ,” ಎಂದಳು ಅನಸೂಯಾ. “ಆದ್ರ ಆ ಫೋಟೋದ ಕೆಳಗಿಂದು ತಿದ್ದ್ರಿ. ಅದರಾಗಿನ ಇಬ್ಬರಿಗೂ ಹೆಸರು ಅದಾವ. ಎಡಗಡೆ ಮರಗಮ್ಮ, ಬಲಗಡೆ ಅನಸೂಯಾ. ಬರ್ಕೊಳ್ರಿ.”

“ಅದೊಂದು ವಿಷಯವಾ ಮೇಡಂ?” ಅವನು ಫೋನಿನಲ್ಲಿ ಬರೆದುಕೊಂಡ. “ಹೊಸ ಗ್ಯಾಲರಿ ಓಪನ್ ಆಗ್ತದೆ ಮುಂದಿನ ತಿಂಗಳು. ಎಲ್ಲಾ ಹೊಸ ಬೋರ್ಡೇ. ನೀವೇ ಸ್ಟೇಜಿಗೆ ಬಂದು ನಿಮ್ಮ ಕೈಯಾರೆ ಆ ಹೋಳು ಇಡಿ.”

“ಮತ್ತ ನನಗ ಕಲಿಸಿದ ರಘುಪತಿ ಸರ್ ಈ ಕಪ್ಪಿ ಮ್ಯಾಲ ಬರದ ಲೇಖನದಾಗ?”

“ಅದು ಪಬ್ಲಿಷ್ ಆಗಿ ಹೋದದ್ದು. ಅದಕ್ಕೆ ಯಾರಿಗೂ ಏನೂ ಮಾಡ್ಲಿಕ್ಕೆ ಆಗುದಿಲ್ಲ. ಬೋರ್ಡ್ ಮಾತ್ರ ನನ್ನ ಕೈಯಲ್ಲುಂಟು.”

ಬೋರ್ಡಾದರೂ ಆಗಲಿ ಎನಿಸಿತು ಅವಳಿಗೆ. ಕೇಳಿ ಕೇಳಿ ಬಾಯಿ ಸವೆದವಳು, ಸಿಕ್ಕಿದ್ದಕ್ಕೆ ಹೂಂ ಅಂದಳು.

ಅವಳು ಹುಟ್ಟಿದ್ದು ವಿಜಯಪುರದ ಕಡೆಯ ವಡ್ಡರ ಕೇರಿಯಲ್ಲಾದರೂ ಬೆಳೆದದ್ದು ತುರ್ಭೆಯ ಹಿಂದಿನ ಖದಾನಿನಲ್ಲಿ, ಎಂದರೆ ಕಲ್ಲುಗಣಿಯಲ್ಲಿ. ನವಿ ಮುಂಬಯಿ ಆಗ ಇನ್ನೂ ಏಳುತ್ತಿತ್ತು. ಏಳುವ ಊರಿಗೆ ಕಲ್ಲು ಬೇಕು. ಕಲ್ಲಿಗೆ ವಡ್ಡರು ಬೇಕು. ಗಂಡಸರು ಮೇಲೆ ಬಂಡೆ ಸೀಳುತ್ತಿದ್ದರು, ಹೆಂಗಸರು ಕೆಳಗೆ ಕೂತು ಜಲ್ಲಿ ಒಡೆಯುತ್ತಿದ್ದರು. ಅಂಗೈಯ ಚರ್ಮ ಎದ್ದು ಬಂದರೆ ಬಟ್ಟೆ ಸುತ್ತಿಕೊಂಡು ಮತ್ತೆ ಒಡೆಯುತ್ತಿದ್ದರು. ಅನಸೂಯಾ ಶಾಲೆಯಿಂದ ಬಂದು ಚೀಲ ಇಟ್ಟು ಅವ್ವನ ಪಕ್ಕ ಕೂರುತ್ತಿದ್ದಳು. ಸಂಜೆ ಇಬ್ಬರೂ ಎದ್ದು ನಿಂತರೆ ರೆಪ್ಪೆಯ ಮೇಲೂ ಬಿಳಿ ಪುಡಿ.

ಕಾಲೇಜಿಗೆ ಹೋದಳು. ಓದಿದಳು. ಓದಿ ಮೊದಲ ಸ್ಥಾನಕ್ಕೆ ಬಂದಳು. ಆಗ ಪ್ರೊಫೆಸರ್ ರಘುಪತಿ ಇಡೀ ತರಗತಿಯ ಮುಂದೆ ಮೆಚ್ಚಿಕೊಂಡು ಹೇಳಿದರು: “ಅನಸೂಯಾಗ ಕಲ್ಲು ರಕ್ತದಾಗನ ಅದ ನೋಡ್ರಿ. ಅವರ ಜಾತಿಗೆ ಅದು ಬಂದದ್ದ.” ಹುಡುಗರು ನಕ್ಕರು. ಧಾರವಾಡದ ಕಡೆಯವರು ರಘುಪತಿ, ಮಾತು ಬೆಣ್ಣೆ. ಅವರ ಅಪ್ಪ ಮೇಷ್ಟ್ರು, ಅಜ್ಜ ಮೇಷ್ಟ್ರು. ಅವರಿಗೆ ಪಾಠ ಮಾಡುವುದು ರಕ್ತದಲ್ಲಿದೆ ಎಂದು ಯಾರೂ ಹೇಳಲಿಲ್ಲ. ಅವರದ್ದು ಪ್ರತಿಭೆ. ಇವಳು ಸೀಮೆಎಣ್ಣೆ ದೀಪದಲ್ಲಿ ಕಣ್ಣು ಸುಟ್ಟುಕೊಂಡು ಓದಿದ್ದು ಮಾತ್ರ ರಕ್ತ.

ಎರಡನೇ ವರ್ಷ ಎಲ್ಲರೂ ಒಂದೊಂದು ಜಾಗದ ಮೇಲೆ ಪ್ರಬಂಧ ಬರೆಯಬೇಕು. ಹುಡುಗರನ್ನು ರತ್ನಾಗಿರಿಗೆ, ನಾಸಿಕಕ್ಕೆ ಕಳಿಸಿದರು. ಅನಸೂಯಾಗೆ ಕಳಿಸಲಿಲ್ಲ. “ಹುಡುಗರ ಜೋಡಿ ಕ್ಯಾಂಪು, ನಾಳೆ ಹೆಚ್ಚುಕಡಿಮೆ ಆದ್ರ ನನ್ನ ತಲೀಗೆ ಬರತದ,” ಎಂದರು ರಘುಪತಿ. ಕಾಲೇಜಿನ ಸುತ್ತಿಗೆಯನ್ನೂ ಕೊಡಲಿಲ್ಲ. ಅದು ಕ್ಯಾಂಪಿಗೆ ಹೋಗುವವರಿಗಂತೆ. ಅವಳಿಗೆ ಹೋಗಲು ಇದ್ದದ್ದು ಒಂದೇ ಗುಡ್ಡ, ಅವ್ವ ದುಡಿಯುವ ಗುಡ್ಡ.

ಅಲ್ಲಿ ಎರಡು ಕಪ್ಪು ಲಾವಾ ಪದರಗಳ ನಡುವೆ ಗೇಣು ದಪ್ಪದ ಬೂದಿ ಬಣ್ಣದ ಪದರವೊಂದಿತ್ತು. ಖದಾನಿನವರಿಗೆ ಅದು ಬೇಡದ ಕಲ್ಲು. ಕೈಯಲ್ಲಿ ಪುಡಿಯಾಗುತ್ತದೆ, ರಸ್ತೆಗೆ ಬಾರದು, ಲಾರಿಯಲ್ಲಿ ಕಂಡರೆ ಮೇಸ್ತ್ರಿ ಬೈಯುತ್ತಿದ್ದ. ಎಲ್ಲರೂ ಅದನ್ನು ಹೆಕ್ಕಿ ಎಸೆಯುತ್ತಿದ್ದರು, ಚಿಕ್ಕವಳಿದ್ದಾಗ ಅನಸೂಯಾಳೂ ಎಸೆದಿದ್ದಳು. ಅದು ಕೆರೆಯ ತಳದ ಕೆಸರು ಎಂದು ತಿಳಿದದ್ದು ಓದಿದ ಮೇಲೆ. ಒಂದು ಸಲ ಬೆಂಕಿ ಹರಿದು ಆರಿ, ಮತ್ತೊಂದು ಸಲ ಹರಿಯುವುದರೊಳಗೆ ಅಲ್ಲಿ ನೀರು ನಿಂತು, ಕೆಸರಾಗಿ, ಜೀವ ಓಡಾಡಿತ್ತು. ಓಡಾಡಿದ್ದು ಏನಾದರೂ ಉಳಿದಿರಬೇಕು ಎಂದು ಆ ಬೇಸಗೆಯಿಡೀ ಅವಳು ಬಿಸಿಲಿನಲ್ಲಿ ಕೂತು ಆ ಪದರವನ್ನು ಹಾಳೆ ಹಾಳೆಯಾಗಿ ಬಿಡಿಸಿದಳು. ಖದಾನಿನ ಗಂಡಸರು ಅವಳಿಗೆ ತಲೆ ಕೆಟ್ಟಿದೆ ಎಂದರು. ಕಾಲೇಜಿನ ಹುಡುಗರು ರತ್ನಾಗಿರಿಯಿಂದ ಬಂದು ಮೀನಿನ ಊಟದ ಸುದ್ದಿ ಹೇಳಿದರು.

ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಮರಗಮ್ಮ ರೊಟ್ಟಿ ಗಂಟು ಹಿಡಿದುಕೊಂಡು ಬಂದಳು. ಮಗಳು ದೊಡ್ಡದೊಂದು ಹೋಳಿನ ಮುಂದೆ ಸೋತು ಕೂತಿದ್ದಳು. ಹೊಡೆದರೆ ಅಡ್ಡ ಒಡೆದೀತು ಎಂಬ ಭಯ.

“ಎಲ್ಲಿ ಬಿಡಬೇಕು ಹೇಳು,” ಎಂದಳು ಮರಗಮ್ಮ.

ಅನಸೂಯಾ ಸುಣ್ಣದಕಡ್ಡಿಯಿಂದ ಅಂಚಿಗೆ ಗೆರೆ ಎಳೆದಳು. ಮರಗಮ್ಮ ಸಣ್ಣ ಉಳಿ ತೆಗೆದು, ಗೆರೆಗುಂಟ ಸುತ್ತಲೂ ಮೆಲ್ಲಗೆ ಬಡಿಯುತ್ತ ಬಂದಳು. ಕಲ್ಲು ಸದ್ದಿಲ್ಲದೆ ಬಾಯಿ ಬಿಟ್ಟಿತು. ಒಳಗೆ ಹೆಬ್ಬೆರಳಿನಷ್ಟು ಕಪ್ಪೆ, ಕಾಲು ಮಡಚಿಕೊಂಡು, ಎಲುಬೆಲುಬೂ ಕಾಣುವಂತೆ.

“ಯವ್ವಾ, ಇಲ್ಲಿ ಯಾವಾಗ ಬಂದು ಕುಂತದ ಇದು?”

“ಆರೂವರೆ ಕೋಟಿ ವರ್ಷ ಆಗ್ಯದ ಬೇ.”

ಮರಗಮ್ಮ ಆ ಲೆಕ್ಕಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಅವಳು ಮಾಡಿದ್ದು ಜೀವಮಾನವಿಡೀ ಮಾಡಿದ್ದನ್ನೇ. ಒಂದು ಹೋಳನ್ನು ತಿರುವಿ, ಬೆನ್ನಿಗೆ ಉಳಿ ಇಟ್ಟು, ಮೂರು ಉದ್ದ ಗೆರೆ, ಒಂದು ಅಡ್ಡ ಗೆರೆ ಕೊರೆದುಬಿಟ್ಟಳು. ಅದು ಅವರ ಮನೆಯ ಗುರುತು. ಖದಾನಿನಲ್ಲಿ ಪ್ರತಿ ಮನೆಗೂ ಒಂದು ಗುರುತು. ಒಡೆದ ಕಲ್ಲಿಗೆ ಗುರುತು ಹಾಕದಿದ್ದರೆ ಮೇಸ್ತ್ರಿ ಅದನ್ನು ತನಗೆ ಬೇಕಾದವರ ಹೆಸರಿಗೆ ಹಚ್ಚುತ್ತಿದ್ದ. ಅನಸೂಯಾ “ಅವ್ವಾ, ಬ್ಯಾಡ,” ಎನ್ನುವಷ್ಟರಲ್ಲಿ ಕೆಲಸ ಆಗಿಹೋಗಿತ್ತು. ಇನ್ನೊಂದು ಹೋಳನ್ನು ಅವಳು ಎದೆಗೆ ಅವುಚಿಕೊಂಡು ಉಳಿಸಿದಳು.

ಮರುದಿನ ರಘುಪತಿ ಕಾಲೇಜಿನ ಜೀಪಿನಲ್ಲಿ ಹುಡುಗರನ್ನು ಹೇರಿಕೊಂಡು ಬಂದರು. ಕಪ್ಪೆ ನೋಡಿ ಅವರು ಧೂಳಿನಲ್ಲೇ ಕುಕ್ಕರಗಾಲಿನಲ್ಲಿ ಕೂತರು. ಗುರುತು ಬಿದ್ದ ಹೋಳು ನೋಡಿ ಮುಖ ಕೆಂಪಾಯಿತು. “ಯಾವ ಕತ್ತೆ ಮಾಡೇದ ಇದನ್ನ?” ಎಂದು ಕೂಗಿದರು. ಮರಗಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಿಂತಳು. ಮಗಳ ಮೇಷ್ಟ್ರು ಅಲ್ಲವೇ. ರಘುಪತಿ ಚೊಕ್ಕ ಹೋಳನ್ನು ತಮ್ಮ ಕರವಸ್ತ್ರದಲ್ಲಿ ಸುತ್ತಿ ಒಬ್ಬ ಹುಡುಗನ ಕೈಗೆ ಕೊಟ್ಟರು. ಕೆಟ್ಟ ಹೋಳು ಇಲ್ಲೇ ಬಿದ್ದಿರಲಿ ಎಂದರು.

ಜೀಪು ಗುಡ್ಡದ ಮೇಲೆ ಹತ್ತುವುದಿಲ್ಲ. ಉಳಿದ ಮಾದರಿ ಕಲ್ಲುಗಳನ್ನೆಲ್ಲ ಕೆಳಗಿನ ರಸ್ತೆಗೆ ಸಾಗಿಸಬೇಕು. ಹುಡುಗರು ಸುತ್ತಿಗೆಯನ್ನು ಸೊಂಟಕ್ಕೆ ಸಿಗಿಸಿಕೊಂಡು ಸಿಗರೇಟು ಹಚ್ಚಿದರು. “ನಿಮಗೇನವ್ವಾ, ರೂಢಿ ಅದ,” ಎಂದರು ರಘುಪತಿ ತಾಯಿ-ಮಗಳಿಗೆ. ಇಬ್ಬರೂ ಸಿಂಬಿ ಕಟ್ಟಿದರು. ಕುತ್ತಿಗೆಯ ನರ ಉಬ್ಬಿ, ಬೆವರು ಕಣ್ಣಿಗಿಳಿದು, ಹತ್ತಿ ಇಳಿದು ಹತ್ತಿ ಇಳಿದು ಎಲ್ಲವನ್ನೂ ಹೊತ್ತು ಹಾಕಿದರು. ಆಗಲೇ ರಘುಪತಿ ಕ್ಯಾಮೆರಾ ತೆಗೆದದ್ದು. ತನ್ನ ಮೊದಲ ಶೋಧದ ಫೋಟೋ ಎಂದು ಅನಸೂಯಾ ಆ ಭಾರದಲ್ಲೂ ನೆಟ್ಟಗೆ ನಿಂತಿದ್ದಳು. ಹುಚ್ಚು ಹುಡುಗಿ.

ಲೇಖನ ಬಂತು. ಹೆಸರು ರಘುಪತಿಯವರದ್ದೊಂದೇ. ಒಳಗೆ ಒಂದು ಕಡೆ, ‘ಇನ್ನೊಂದು ಹೋಳನ್ನು ಕೂಲಿಗಳು ಹಾಳುಗೆಡವಿದರು’ ಎಂದು ಬರೆದಿತ್ತು. ಅವಳು ಕೇಳಲು ಹೋದಳು. ಅವರು ಸಿಟ್ಟು ಮಾಡಲಿಲ್ಲ. ಚಹಾ ತರಿಸಿ ಕುಡಿಸಿ, “ನಿನ್ನ ಡಿಗ್ರಿ ಇನ್ನೂ ನನ್ನ ಕೈಯಾಗ ಅದ ನೋಡವ್ವಾ,” ಎಂದರು. ಅವಳು ಚಹಾ ಕುಡಿದು ಎದ್ದು ಬಂದಳು.

ಆಮೇಲಿನದ್ದು ನೌಕರಿ. ಅಂತರ್ಜಲದ ಸರ್ಕಾರಿ ಕಚೇರಿಯೊಂದರಲ್ಲಿ ಅವಳೇ ಮೊದಲ ಹೆಣ್ಣು ಭೂವಿಜ್ಞಾನಿ. ಮೊದಲನೆಯವಳು ಎಂದರೆ ಮೆರವಣಿಗೆ ಮಾಡಿದರು ಎಂದುಕೊಳ್ಳಬೇಡಿ. ಬೋರ್ ಕೊರೆಯುವ ಜಾಗದಲ್ಲಿ ಹೆಂಗಸರಿಗೆ ಸಂಡಾಸಿಲ್ಲ ಎಂಬ ಕಾರಣ ಕೊಟ್ಟು ಮೇಜಿನ ಮುಂದೆ ಕೂರಿಸಿದರು. ಗಂಡಸರು ಗುಡ್ಡ ಸುತ್ತಿ ಬಂದು ಕಲ್ಲಿನ ಪೆಟ್ಟಿಗೆ ಇವಳ ಮುಂದೆ ಇಡುತ್ತಿದ್ದರು. ಇವಳು ನೋಡಿ, ಅಳೆದು, ಬರೆದು ಕೊಡುತ್ತಿದ್ದಳು. ವರದಿಯ ಮೇಲೆ ಅವರ ಸಹಿ. ಜಗಳ ಮಾಡಿ ಒಮ್ಮೆ ಘಟ್ಟದ ಕೆಳಗಿನ ಒಂದು ಊರಿಗೆ ಹೋದಳು. ಸುಡುವ ಬಿಸಿಲಲ್ಲಿ ನಡೆದು ನಡೆದು ನೀರಿನ ಜಾಗ ತೋರಿಸಿದಳು. ಬಾಯಾರಿ ಕೇಳಿದಾಗ ಹೆಸರು ಕೇಳಿದರು, ಅಡ್ಡಹೆಸರು ಕೇಳಿದರು, ಆಮೇಲೆ ಬೊಗಸೆ ಹಿಡಿಸಿ ಮೇಲಿನಿಂದ ನೀರು ಸುರಿದರು. ಅವಳು ತೋರಿಸಿದ ಜಾಗದಲ್ಲೇ ಬೋರು ಬಿತ್ತು, ನೀರೂ ಬಂತು.

ಮರಗಮ್ಮ ಕೆಮ್ಮಿ ಕೆಮ್ಮಿ ಸತ್ತಳು. ಎದೆಯಲ್ಲಿದ್ದದ್ದು ಕಲ್ಲಿನ ಪುಡಿ. ಡಾಕ್ಟರು ಬರೆದದ್ದು ಟಿಬಿ. ಆ ಖದಾನಿನಲ್ಲಿ ಯಾರು ಸತ್ತರೂ ಟಿಬಿಯೇ. ಪುಡಿ ಎಂದು ಬರೆದರೆ ಯಾರಾದರೂ ಉತ್ತರ ಕೊಡಬೇಕಾಗುತ್ತದಲ್ಲ. ಸಾಯುವ ಹಿಂದಿನ ವಾರ ಅವ್ವ, “ನಾ ಆ ಕಲ್ಲಿಗಿ ಗುರ್ತು ಹಾಕಿ ನಿನ್ನ ಕೆಲಸ ಕೆಡಿಸಿದ್ನಿ ಬಿಡವ್ವ,” ಎಂದಿದ್ದಳು. ಇಲ್ಲ ಎಂದು ಮಗಳು ಎಷ್ಟು ಹೇಳಿದರೂ ನಂಬಲಿಲ್ಲ.

ಪಿಎಚ್.ಡಿ. ಮುಗಿಯುವಾಗ ಕೂದಲು ನರೆತಿತ್ತು. ಬೇರೆ ಗೈಡು, ಅದೇ ಪದರ. ಅಷ್ಟರಲ್ಲಿ ಖದಾನು ಮುಚ್ಚಿ, ಪದರದ ಮೇಲೆ ಕಾಂಕ್ರೀಟು ಬಿದ್ದು, ಕಾಂಪ್ಲೆಕ್ಸ್ ಎದ್ದಿತ್ತು. ಉಳಿದ ಒಂದಿಷ್ಟು ಅಂಚನ್ನು ನೋಡಲು ಬೇಲಿ ನುಸುಳಿದವಳನ್ನು ವಾಚ್‌ಮನ್ ಕೋಲು ಹಿಡಿದು ಅಟ್ಟಿದ. ಹೀಗೆ ಅವಳು ಡಾಕ್ಟರ್ ಅನಸೂಯಾ ಆದಳು.

ಗ್ಯಾಲರಿ ತೆರೆಯುವ ದಿನ ಬಂತು. ಅವಳು ಇಳಕಲ್ಲ ಸೀರೆ ಉಟ್ಟು, ಹೋಳನ್ನು ಟವೆಲಿನಲ್ಲಿ ಸುತ್ತಿ ಗೋಣಿಚೀಲದ ಬ್ಯಾಗಿನಲ್ಲಿಟ್ಟುಕೊಂಡು, ಭಾಗ್ಯಾಳ ಜೊತೆ ಲೋಕಲ್ ಗಾಡಿಯ ಲೇಡೀಸ್ ಡಬ್ಬಿ ಹತ್ತಿದಳು. ದಿವಾ ಸ್ಟೇಷನ್ನಿನಲ್ಲಿ ಜನ ನುಗ್ಗಿ ಉಸಿರು ಕಟ್ಟಿತು. “ಆಂಟಿ, ಬ್ಯಾಗ್ ಊಪರ್ ರಖೋ ನಾ,” ಎಂದಳೊಬ್ಬಳು, ಮೇಲೆ ಸಾಮಾನು ಇಡುವ ಹಲಗೆ ತೋರಿಸಿ. ಅನಸೂಯಾ ತೊಡೆಯ ಮೇಲಿನಿಂದ ಕದಲಿಸಲಿಲ್ಲ. ಠಾಣೆ ಬರುವಷ್ಟರಲ್ಲಿ ತೊಡೆ ಜೋಮು ಹಿಡಿದಿತ್ತು.

ಗ್ಯಾಲರಿಯೆಂದರೆ ಎಸಿ, ಕಪ್ಪು ಪರದೆ, ಮೆತ್ತಗಿನ ದೀಪ. ಒಳಗೆ ಕಾಲಿಟ್ಟ ತಕ್ಷಣ ಆ ಫೋಟೋ. ಗೋಡೆಯಷ್ಟು ದೊಡ್ಡದು ಮಾಡಿದ್ದರು. ಮರಗಮ್ಮನ ಹಿಮ್ಮಡಿಯ ಬಿರುಕು ಕೂಡ ಕಾಣುತ್ತಿತ್ತು. ಕೆಳಗೆ ಹೊಳೆಯುವ ಅಕ್ಷರದಲ್ಲಿ, ಮರಾಠಿಯಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ, ಹೊಸ ಸಾಲು: ‘ಡಾ. ಅನಸೂಯಾ (ಬಲಗಡೆ), ಸ್ಥಳೀಯ ಕೂಲಿ ಹೆಂಗಸಿನೊಂದಿಗೆ.’

ತನ್ನ ಹೆಸರು ನೋಡಿ ಅವಳ ಎದೆ ಒಂದು ಕ್ಷಣ ತುಂಬಿತು. ಸುಳ್ಳು ಯಾಕೆ ಹೇಳಬೇಕು, ತುಂಬಿತು. ಆಮೇಲೆ ಉಳಿದದ್ದನ್ನು ಓದಿದಳು.

“ಅತ್ತಿ, ದಾದೀ ಕಾ ನಾಮ್ ನಹೀಂ ಹೈ,” ಎಂದಳು ಭಾಗ್ಯಾ. ಅಜ್ಜಿಯ ಹೆಸರಿಲ್ಲ.

ಸಮಿತ್ ಸೂಟು ಹಾಕಿಕೊಂಡು ಅತಿಥಿಗಳ ನಡುವೆ ಓಡಾಡುತ್ತಿದ್ದ. ಅವಳು ಅವನ ತೋಳು ಹಿಡಿದು ನಿಲ್ಲಿಸಿದಳು. “ಇಬ್ಬರ ಹೆಸರು ಬರ್ಕೊಂಡು ಹೋಗಿದ್ರಿ ನೀವು.”

“ಮೇಡಂ, ನಾನು ಟ್ರೈ ಮಾಡಿದೆ. ಕಮಿಟಿಯಲ್ಲಿ ಡಿಸ್ಕಸ್ ಆಯ್ತು. ಸೈಂಟಿಫಿಕ್ ಸ್ಟಾಫ್ ಹೆಸರು ಮಾತ್ರ ಹಾಕುದು ಅಂತ ರೂಲ್. ಲೇಬರ್‌ದೆಲ್ಲ ಹಾಕ್ಲಿಕ್ಕೆ ಹೋದ್ರೆ ಅದು ಎಲ್ಲಿಗೆ ಹೋಗಿ ನಿಲ್ತದೆ ಹೇಳಿ?”

“ಅಕಿ ನಮ್ಮವ್ವ.”

“ಗೊತ್ತು ಮೇಡಂ, ಸೆಂಟಿಮೆಂಟ್ ಅರ್ಥ ಆಗ್ತದೆ. ಇವತ್ತಿಗೆ ಬಿಡಿ. ಆಮೇಲೆ ಒಂದು ಸ್ಟಿಕ್ಕರ್ ಹಾಕುವ.”

ಮುಂದಿನ ಸಾಲಿನಲ್ಲಿ ಗಾಲಿಕುರ್ಚಿಯ ಮೇಲೆ ರಘುಪತಿ ಕೂತಿದ್ದರು. ಹಣ್ಣಾಗಿದ್ದರು. ಮಾತು ಮಾತ್ರ ಹಾಗೇ ಇತ್ತು. “ಅನಸೂಯಾ, ನಿನಗ ಬೇಕಾದ್ದು ಸಿಕ್ಕಿತಲ್ಲವ್ವಾ. ಇನ್ನ ಯಾಕ ಜಗ್ಗಾಡ್ತಿ?”

“ಆ ಕಲ್ಲು ಒಡದಾಕಿ ಅಕಿ ಸರ್. ನಿಮಗ ಗೊತ್ತದ.”

“ನೀ ಕಲತು ಮ್ಯಾಲ ಬಂದಿ, ನಿನ್ನ ಹೆಸರು ಬಂತು. ಆಕಿ ಕೂಲಿನ ಅಲ್ಲೇನು? ಇದ್ದದ್ದು ಬರದಾರ.”

“ಕೂಲಿಯವರಿಗಿ ಹೆಸರಿರಂಗಿಲ್ಲೇನ್ರಿ?”

ಅಷ್ಟರಲ್ಲಿ ಮೈಕಿನಲ್ಲಿ ಅವಳ ಹೆಸರು ಕರೆದರು. ಚಪ್ಪಾಳೆ ಬಿತ್ತು. ವೇದಿಕೆಯ ಮೇಲೆ ಗಾಜಿನ ಪೆಟ್ಟಿಗೆ, ಮುಚ್ಚಳ ತೆರೆದಿತ್ತು. ನೀಲಿ ಮಖಮಲ್ಲಿನ ಮೇಲೆ ಕಾಲೇಜಿನ ಹೋಳು, ತಲೆಯಿಲ್ಲದ ಕಪ್ಪೆ. ಪಕ್ಕದಲ್ಲಿ ಇನ್ನೊಂದು ಹೋಳಿಗೆ ಜಾಗ ಕೊರೆದಿಟ್ಟಿದ್ದರು. ಅವ್ವನ ಗುರುತು ಮಖಮಲ್ಲಿಗೆ ಅಂಟಿ ಕೂರುತ್ತದೆ, ಯಾರಿಗೂ ಕಾಣುವುದಿಲ್ಲ. ಎಲ್ಲವನ್ನೂ ಲೆಕ್ಕ ಹಾಕಿಯೇ ಮಾಡಿದ್ದರು.

ಅನಸೂಯಾ ಬ್ಯಾಗಿನಿಂದ ತನ್ನ ಹೋಳು ತೆಗೆದಳು. ಫೋಟೋ ತೆಗೆಯುವವರು ಮುಂದೆ ಬಂದರು. ಅವಳು ಎಡಗೈ ಚಾಚಿ ಪೆಟ್ಟಿಗೆಯೊಳಗಿನ ಹೋಳನ್ನೂ ಎತ್ತಿಕೊಂಡಳು. ಎರಡನ್ನೂ ಎದುರುಬದುರು ಹಿಡಿದು, ಅಂಚು ಕೂಡಿಸಿ, ಮುಚ್ಚಿದಳು. ಟಕ್ಕೆಂದು ಕೂತಿತು, ಕೂದಲೆಳೆಯಷ್ಟೂ ಸಂದಿಲ್ಲದೆ. ಕಪ್ಪೆ ಒಳಗೆ ಹೋಯಿತು. ಕೈಯಲ್ಲಿ ಬರೀ ಒಂದು ಬೂದಿ ಕಲ್ಲು ಉಳಿಯಿತು. ಅದನ್ನು ಮಡಿಲಲ್ಲಿಟ್ಟುಕೊಂಡು, ಎರಡೂ ಕೈ ಮೇಲಿಟ್ಟು, ವೇದಿಕೆಯ ಮೇಲಿನ ಕುರ್ಚಿಯಲ್ಲಿ ಕೂತುಬಿಟ್ಟಳು.

ಇದೂ ಕಾರ್ಯಕ್ರಮದ ಭಾಗ ಎಂದುಕೊಂಡು ಕೆಲವರು ಮತ್ತೊಮ್ಮೆ ಚಪ್ಪಾಳೆ ತಟ್ಟಿದರು.

“ಎಡಗಡೆಯಾಕಿ ಹೆಸರು ಬರೀರಿ,” ಎಂದಳು ಅನಸೂಯಾ. ಆಮೇಲೆ ಎಲ್ಲರಿಗೂ ತಿಳಿಯಲೆಂದು ಅದನ್ನೇ ಮರಾಠಿಯಲ್ಲಿ, ಹಿಂದಿಯಲ್ಲಿ ಹೇಳಿದಳು. “ಬರದ್ರ ತೆರೀತೀನಿ. ಇಲ್ಲಂದ್ರ ಇಲ್ಲ.”

ಸಮಿತ್ ಬಗ್ಗಿ ಕಿವಿಯಲ್ಲಿ ಪಿಸುಗುಟ್ಟಿದ. ಅವಳು ತಲೆ ಅಲ್ಲಾಡಿಸಿದಳು. ನಗುತ್ತಲೇ ಕೈ ಚಾಚಿದ. ಅವಳು ಕಲ್ಲನ್ನು ಹೊಟ್ಟೆಗೆ ಒತ್ತಿಕೊಂಡಳು. ಎಳೆದರೆ ಕೆಳಗೆ ಬಿದ್ದೀತು, ಬಿದ್ದರೆ ಪುಡಿಯಾದೀತು ಎಂದು ಅವನಿಗೂ ಗೊತ್ತಿತ್ತು. ಸೆಕ್ಯೂರಿಟಿಯವರು ವಯಸ್ಸಾದ ಹೆಂಗಸನ್ನು ಮುಟ್ಟಲು ಹಿಂಜರಿದು ಗೋಡೆಗೆ ಆನಿಕೊಂಡು ನಿಂತರು. ಕಾಲೇಜು ನಡೆಸುವ ಟ್ರಸ್ಟಿನ ಒಬ್ಬ ಯಜಮಾನರು, ‘ಕೊಟ್ಟ ಮಾನ ಉಳಿಸಿಕೊಳ್ಳೋಕೆ ಬರಲ್ಲ ಇಂಥವರಿಗೆ’ ಎಂದು ಜೋರಾಗಿಯೇ ಅಂದರು. ‘ಇಂಥವರು’ ಎಂದರೆ ಯಾರು ಎಂದು ಭಾಗ್ಯಾ ಅಲ್ಲಿಂದಲೇ ಕೇಳಿದಳು. ಅವರು ಬಟಾಟಾವಡೆ ಇಟ್ಟಿದ್ದ ಮೇಜಿನ ಕಡೆ ಹೋದರು. ಅತಿಥಿಗಳೂ ಒಬ್ಬೊಬ್ಬರಾಗಿ ಅತ್ತ ಸರಿದರು. ಕೊನೆಗೆ ಯಾರೋ ಪೊಲೀಸರಿಗೆ ಫೋನು ಮಾಡಿದರು.

ಬಂದವಳು ಹರೆಯದ ಮರಾಠಿ ಪೇದೆ, ಜೊತೆಗೊಬ್ಬ ಮುದಿ ಹವಾಲ್ದಾರ. ಹಣ್ಣಿನ ಬುಟ್ಟಿ ಹೊತ್ತು ಮೆಟ್ಟಿಲು ಹತ್ತಿದ್ದ ಸಮಿತ್ ಈಗ ಕೈಕಟ್ಟಿ ನಿಂತು ಹೇಳಿದ: ಈ ಹೆಂಗಸು ಕಾಲೇಜಿನ ಅಮೂಲ್ಯ ವಸ್ತು ಎತ್ತಿಕೊಂಡಿದ್ದಾಳೆ, ಬಿಡುತ್ತಿಲ್ಲ. ಪೇದೆ ಬರೆದುಕೊಂಡಳು. ಬರೆದು ಮುಗಿಸಿ, ಕಲ್ಲನ್ನು ತೋರಿಸಿ, “ಹಾಗಾದ್ರೆ ಇದು ಮುದ್ದೇಮಾಲು. ಸ್ಟೇಷನ್ನಿಗೆ ಬರುತ್ತೆ,” ಎಂದಳು ಮರಾಠಿಯಲ್ಲಿ.

ಸಮಿತನ ಮುಖ ಇಳಿಯಿತು. “ಸ್ಟೋನ್ ಯಹೀಂ ರಹೇಗಾ ಮೇಡಂ. ವೋ ತೋ ಹಮಾರಾ ಎಕ್ಸಿಬಿಟ್ ಹೈ.” ಕಲ್ಲು ಇಲ್ಲೇ ಇರಬೇಕು, ಅದು ತಮ್ಮ ಪ್ರದರ್ಶನದ್ದು ಎಂದು ಅವನ ಮಾತು.

“ಚೋರಿ ಕಾ ಮಾಲ್ ಬೋಲಾ ನಾ ಆಪನೇ? ಕೋರ್ಟ್ ಬೋಲೇಗಾ ತಬ್ ಮಿಲೇಗಾ.” ಕಳವಿನ ಮಾಲು ಎಂದ ಮೇಲೆ ಕೋರ್ಟು ಹೇಳಿದಾಗಲೇ ವಾಪಸು.

ಅವನು ಓಡಿ ಹೋಗಿ ಯಜಮಾನರ ಜೊತೆ ಮಾತಾಡಿ, ಓಡಿ ಬಂದು ಅನಸೂಯಾಳ ಮುಂದೆ ಮಂಡಿಯೂರಿದ. “ಮೇಡಂ, ಕಂಪ್ಲೇಂಟ್ ವಾಪಸ್ ತಗೊಳ್ತೇವೆ. ಕಲ್ಲು ಇಲ್ಲಿಟ್ಟು ನೀವು ಆರಾಮ ಮನೆಗೆ ಹೋಗಿ. ಕಾರ್ ಕೊಡ್ತೇನೆ. ಆದದ್ದೆಲ್ಲ ನಾವು ಮಾಫ್ ಮಾಡಿದ್ದೇವೆ.”

ಅಷ್ಟು ಹೊತ್ತು ಅಲ್ಲಾಡದೆ ಕೂತಿದ್ದವಳು ಎದ್ದು ನಿಂತಳು.

“ನೀವ್ ಯಾರ್ರೀ ಮಾಫ್ ಮಾಡ್ಲಾಕ?” ಅವಳ ದನಿ ಗ್ಯಾಲರಿಯ ಆ ತುದಿಯವರೆಗೆ ಹೋಯಿತು. “ನಮ್ಮವ್ವ ಒಡದ ಕಲ್ಲು, ನಾ ಹುಡುಕಿದ ಕಲ್ಲು. ಹೊತ್ತದ್ದೂ ನಾವ. ಹೊತ್ತಿದ್ದಕ್ಕ ಒಂದು ಹೆಸರು ಕೇಳಿದ್ರ ಕಳವು. ಕಳವಾದ್ರ ಕಳವು. ಬರ್ಕೊಳ್ಳಲಿ.”

ಪೇದೆಯ ಕಡೆ ತಿರುಗಿ ಮರಾಠಿಯಲ್ಲಿ, “ಬರಿ ತಾಯಿ. ನಾನೇ ತಗೊಂಡಿದ್ದೀನಿ. ಎರಡೂ ಅರ್ಧ,” ಎಂದಳು.

“ಆಜಿ, ಕೋರ್ಟು ಕಚೇರಿ ಆಗುತ್ತೆ,” ಎಂದಳು ಪೇದೆ, ಸ್ವಲ್ಪ ಮೆತ್ತಗೆ. “ಅವರೇ ಬೇಡ ಅಂತಿದ್ದಾರೆ.”

“ಅವರು ಬ್ಯಾಡ ಅಂದ್ರ ನಾ ಯಾಕ ಬಿಡ್ಲಿ? ಕೋರ್ಟಿನಾಗಾದ್ರೂ ಕೇಳ್ತಾರ, ಇದು ಯಾರ ಕಲ್ಲು ಅಂತ. ಇಷ್ಟು ವರ್ಷ ಯಾರೂ ಕೇಳಿಲ್ಲ.” ಈ ಮಾತು ಸಿಟ್ಟಿನಲ್ಲಿ ಕನ್ನಡದಲ್ಲೇ ಬಂತು. ಭಾಗ್ಯಾ ಮುಂದೆ ಬಂದು ಮರಾಠಿಯಲ್ಲಿ ಹೇಳಿದಳು. ಅತ್ತೆಯ ಒಂದು ಮಾತನ್ನೂ ಬಿಡದೆ ಹೇಳಿದಳು.

ಹವಾಲ್ದಾರ ಜೇಬಿನಿಂದ ರಟ್ಟಿನ ಚೀಟಿ, ಸುತಲಿ ದಾರ ತೆಗೆದ. ಜಪ್ತಿ ಮಾಡಿದ ಮಾಲಿಗೆ ಕಟ್ಟುವ ಚೀಟಿ. ಯಾರಿಂದ ಜಪ್ತಿಯಾಯಿತೋ ಅವರ ಹೆಸರು ಅದರ ಮೇಲೆ ಇರಬೇಕು.

“ಪೂರಾ ಹೆಸರು?” ಪೇದೆ ಕೇಳಿದಳು.

“ಅನಸೂಯಾ ಮರಗಮ್ಮ.”

“ತಂದೆಯ ಹೆಸರು ಆಜಿ.”

“ಅಪ್ಪ ಈ ಕಲ್ಲು ಮುಟ್ಟಿಲ್ಲ. ಮರಗಮ್ಮ ಅಂತ ಬರಿ.”

ಅಂಥ ಹೆಸರನ್ನು ಪೇದೆ ಎಂದೂ ಕೇಳಿರಲಿಲ್ಲ. ಮೊದಲ ಸಲ ತಪ್ಪು ಬರೆದಳು. ಅನಸೂಯಾ ಹೊಡೆದು ಹಾಕಿಸಿ, ಅಕ್ಷರ ಅಕ್ಷರ ಬಿಡಿಸಿ ಹೇಳಿದಳು. ಮ. ರ. ಗ. ಮ್ಮ. ಹವಾಲ್ದಾರ ಮುಚ್ಚಿದ ಕಲ್ಲಿನ ಸುತ್ತ ಸುತಲಿ ಸುತ್ತಿ, ಗಂಟು ಹಾಕಿ, ಚೀಟಿ ಕಟ್ಟಿದ. ಸಮಿತ್ ನೋಡುತ್ತ ನಿಂತಿದ್ದ. ಗಾಲಿಕುರ್ಚಿಯನ್ನು ಯಾರೋ ಹೊರಗೆ ತಳ್ಳಿಕೊಂಡು ಹೋಗುತ್ತಿದ್ದರು.

ಅನಸೂಯಾ ಕನ್ನಡಕ ಏರಿಸಿಕೊಂಡು ಚೀಟಿ ಓದಿದಳು. ಆ ಕಲ್ಲಿನ ಮೇಲೆ ಅವಳ ಹೆಸರು, ಅವ್ವನ ಹೆಸರು, ಒಟ್ಟಿಗೆ, ಸರ್ಕಾರಿ ಶಾಯಿಯಲ್ಲಿ. ಮೇಲೆ ‘ಆರೋಪಿ’ ಎಂದಿತ್ತು. ಅವಳು ಮತ್ತೊಮ್ಮೆ ಓದಿ, ಈ ಸಲ ತಪ್ಪಿಲ್ಲ ಎಂದು ಖಾತ್ರಿ ಮಾಡಿಕೊಂಡಳು.

“ಸಹಿ ಎಲ್ಲಿ ಮಾಡ್ಲಿ?” ಎಂದು ಕೇಳಿದಳು.